ಗೊರಕೆ ನಿಂತ ಮಧ್ಯಾಹ್ನ

೨೦೧೩ರಲ್ಲಿ ನಾನು ಸಹಕಾರನಗರದಲ್ಲಿ ಪುಟ್ಟ ಕ್ಲಿನಿಕ್ ನಡೆಸುತ್ತಿದ್ದೆ. ಅಮೃತಹಳ್ಳಿಯ ಶಿವಣ್ಣ ಬಿ.ಪಿ. ತೋರಿಸಲು ಬರುತ್ತಿದ್ದರು. ಪೀಣ್ಯದಲ್ಲಿ ಲೇತ್ ಆಪರೇಟರ್, ಐವತ್ತೆರಡರ ಗಟ್ಟಿ ಆಳು. ಮೂರು ಬಗೆಯ ಮಾತ್ರೆ ತಪ್ಪದೆ ನುಂಗಿದರೂ ಬಿ.ಪಿ. ನೂರ ಎಪ್ಪತ್ತರಿಂದ ಕೆಳಗಿಳಿಯಲು ಒಲ್ಲೆನ್ನುತ್ತಿತ್ತು. ನನ್ನೆದುರು ಕೂತಲ್ಲೇ ತೂಕಡಿಸುತ್ತಿದ್ದರು.

ನಿದ್ದೆ ಹೇಗೆ ಎಂದು ಕೇಳಿದ್ದಕ್ಕೆ ಅವರ ಹೆಂಡತಿ ಗೌರಮ್ಮ ನಕ್ಕರು. “ನಿದ್ದೆಗೇನ್ ಬರ ಡಾಕ್ಟ್ರಮ್ಮ? ದಿಂಬಿಗೆ ತಲೆ ಕೊಟ್ರೆ ಸಾಕು, ಗೊರಕೆ ಬೀದಿ ಕೊನೇವರ್ಗೂ ಕೇಳುತ್ತೆ. ಪುಣ್ಯವಂತ್ರು!”

ನಮ್ಮಲ್ಲಿ ಗೊರಕೆ ಎಂದರೆ ಸುಖನಿದ್ದೆಯ ಡಂಗುರ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಬೇರೆ. ಅದನ್ನು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆಸ್ಪತ್ರೆಗೆ ಕಳಿಸಿ ಸ್ಲೀಪ್ ಸ್ಟಡಿ ಮಾಡಿಸಿದೆ. ಮಲಗಿದವರ ಉಸಿರು, ಆಮ್ಲಜನಕ, ಎದೆಬಡಿತವನ್ನು ದಾಖಲಿಸುವ ಪರೀಕ್ಷೆ ಅದು. ಶಿವಣ್ಣನವರಿಗೆ ತೀವ್ರ ಸ್ಲೀಪ್ ಅಪ್ನಿಯಾ ಇತ್ತು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ, ದೇಹ ಬೆಚ್ಚಿ ಏಳುತ್ತದೆ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ವಿಶ್ರಾಂತಿಯ ಹೊತ್ತಿನಲ್ಲೂ ಹೃದಯಕ್ಕೆ ದುಡಿತ. ಅವರ ಹೃದಯದ ಗೋಡೆ ಆಗಲೇ ದಪ್ಪಗಾಗಿತ್ತು. ಸಿಪ್ಯಾಪ್ ಯಂತ್ರ ಬೇಕೇ ಬೇಕಿತ್ತು. ಮೂಗಿಗೆ ಮಾಸ್ಕ್ ಹಾಕಿ ಮಲಗಿದರೆ ಅದರ ಗಾಳಿಯ ಒತ್ತಡ ಗಂಟಲನ್ನು ತೆರೆದಿಡುತ್ತದೆ.

“ಮಗಳ ಮದುವೆ ಮುಗೀಲಿ” ಎಂದರು ಶಿವಣ್ಣ. “ಬೀಗರು ಮನೇಲಿ ಉಳ್ಕೋತಾರೆ. ಮೂತಿಗೆ ಪೈಪ್ ಹಾಕ್ಕೊಂಡು ಮಲಗಿದ್ದು ನೋಡಿದ್ರೆ ರೋಗಿಷ್ಠ ಅನ್ಕೊಳಲ್ವಾ?”

“ಮದುವೆಗೆ ನೀವು ಇರ್ಬೇಕಲ್ರೀ” ಎಂದು ಗದರಿಸಿದೆ.

“ಇರ್ತೀನಿ ಬಿಡಿ. ಗೊರ್ಕೆಯಿಂದ ಯಾರ್ ಸತ್ತವ್ರೆ?”

ಮದುವೆಗೆ ಇದ್ದರು. ಟಿ. ದಾಸರಹಳ್ಳಿಯ ಛತ್ರದಲ್ಲಿ ಧಾರೆ ಎರೆದರು, ಬೀಗರನ್ನು ಉಪಚರಿಸಿ ಊಟ ಮಾಡಿದರು, ಕೋಣೆಯಲ್ಲಿ ಚಾಪೆಯ ಮೇಲೆ ಅಡ್ಡಾದರು. ಗೊರಕೆ ಶುರುವಾದಾಗ ನೆಂಟರೆಲ್ಲ ನಕ್ಕರಂತೆ. ಆಮೇಲೆ ಅದು ನಿಂತಿತು. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ತಿಥಿ ಮುಗಿದ ಮೇಲೆ ಗೌರಮ್ಮ ಒಬ್ಬರೇ ಬಂದರು. “ಗೊರಕೆ ನಿಂತಾಗ, ಸದ್ಯ, ಈಗ ಹಾಯಾಗಿ ಮಲಗವ್ರೆ ಅನ್ಕೊಂಡೆ ಡಾಕ್ಟ್ರಮ್ಮ. ಗಲಾಟೆ ಮಾಡ್ತಿದ್ದ ಮಕ್ಳನ್ನ ನಾನೇ ಆಚೆ ಕಳ್ಸಿ ಬಾಗ್ಲು ಹಾಕ್ದೆ.”

ನಿಮ್ಮ ತಪ್ಪಲ್ಲ ಎಂದೆ. ಅವರು ನಂಬಲಿಲ್ಲ. ಇಬ್ಬರೂ ಅತ್ತೆವು.

ಅಂದಿನಿಂದ ನಿದ್ದೆಯ ವಿಚಾರವನ್ನು ರೋಗಿಯ ಪಕ್ಕದಲ್ಲಿ ಮಲಗುವವರನ್ನೇ ಕೇಳುತ್ತೇನೆ. ಗೊರಕೆ ಹೊಡೆಯುತ್ತಾರೆ ಎಂದು ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. “ನಡುವೆ ನಿಲ್ಲುತ್ತಾ?” ಎಂದು ಕೇಳುತ್ತೇನೆ.