ಧಾರವಾಡಕ್ಕೆ ಹೋಗದೆ ಬಂದ ಕಾಲು

ಹದಿಮೂರನೆಯ ವರ್ಷದಲ್ಲಿ ನಾನು ಪುಣೆಯ ಶಾಲೆಯ ಅಂಗಳದಲ್ಲಿ ಲಂಗಡಿ ಆಡುತ್ತ ಬಿದ್ದು ಪಾದದ ಕೀಲು ಮುರಿದುಕೊಂಡೆ. ಒಂಟಿ ಕಾಲಲ್ಲಿ ಕುಂಟುತ್ತ ಅಟ್ಟಿಸಿಕೊಂಡು ಹೋಗುವ ಆಟ ಅದು. ಕುಂಟುವ ಭಾಗ್ಯ ಆಟ ಮುಗಿದ ಮೇಲೂ ಉಳಿಯಿತು. ಎಕ್ಸ್‌ರೇ ನೋಡಿದ ಡಾಕ್ಟರು, ಎಲುಬು ಬೆಳೆಯುವ ತುದಿಗೇ ಪೆಟ್ಟಾಗಿದೆ, ಈ ಕಾಲು ಗಿಡ್ಡ ಉಳಿದರೂ ಉಳಿಯಬಹುದು ಎಂದು ಅಪ್ಪನಿಗೆ ಹೇಳಿ ಪ್ಲಾಸ್ಟರ್ ಹಾಕಿದರು.

ಅವ್ವನ ಚಿಂತೆ ಎಲುಬಿನದಲ್ಲ, ವರನದು. ಹೆಣ್ಣು ನೋಡಲು ಬಂದವರು ಆಗ ಹುಡುಗಿಯನ್ನು ಹಾಡಿಸಿ, ಓದಿಸಿ, ಕೊನೆಗೆ ಈ ಗೋಡೆಯಿಂದ ಆ ಗೋಡೆಗೆ ನಡೆಸಿ ನೋಡುತ್ತಿದ್ದರು. ಎತ್ತು ಕೊಳ್ಳುವವರೂ ಅಷ್ಟು ನಡೆಸುವುದಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ನೆರೆಯವರೆಲ್ಲ ಮಲಗಿದ್ದಾಗ ಅಪ್ಪ ನನ್ನನ್ನು ದವಾಖಾನೆಯಿಂದ ಹೊತ್ತು ಮನೆಯೊಳಗೆ ತಂದ.

"ಯಾರರ ಕೇಳಿದ್ರ, ಧಾರವಾಡಕ್ಕ ಸೋದರಮಾವನ ಮನಿಗೆ ಹೋಗ್ಯಾಳ ಅಂತ ಹೇಳೂಣ್ರಿ," ಎಂದಳು ಅವ್ವ.

ಹೀಗೆ ನಾನು ಒಳಕೋಣೆಯಲ್ಲೇ ಧಾರವಾಡಕ್ಕೆ ಹೋದೆ. ನಾವಿದ್ದದ್ದು ವಾಡೆಯಲ್ಲಿ: ಒಂದೇ ಅಂಗಳ, ಒಂದೇ ನಲ್ಲಿ, ಸುತ್ತ ಏಳೆಂಟು ಸಂಸಾರ. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುವ ಜಾಗ. ಅಲ್ಲಿ ಹುಡುಗಿಯನ್ನು ಅಡಗಿಸಿಡಬಹುದೆಂದು ನಂಬಲು ಅವ್ವನ ಧೈರ್ಯವೇ ಬೇಕು. ನನಗೆ ಕೆಮ್ಮು ಬಂದರೆ ಅವಳು ಅದಕ್ಕಿಂತ ಜೋರಾಗಿ ಕೆಮ್ಮುತ್ತಿದ್ದಳು. ಎದುರು ಮನೆಯ ಮರಾಠಿ ಅಜ್ಜಿ ಒಂದು ಡಬ್ಬಿ ಅಂಟಿನುಂಡಿ ತಂದು, ಎಲುಬಿಗೆ ಒಳ್ಳೆಯದು, ಯಾರಾದರೂ ಧಾರವಾಡಕ್ಕೆ ಹೋದರೆ ಹುಡುಗಿಗೆ ಕಳಿಸು ಎಂದಳು.

"ಪಾಪ, ಮುದುಕಿಗೆ ಏನೂ ಗೊತ್ತಿಲ್ಲ," ಎಂದು ಅವ್ವ ನನ್ನ ಕೈಗೆ ಉಂಡಿ ಕೊಟ್ಟಳು.

ನಗು ಬರುತ್ತಿತ್ತು, ನಿಜ. ಆದರೆ ಅವ್ವ ನೀರಿಗೆ ಹೋದಾಗ ಎರಡೂ ಕಾಲು ಜೋಡಿಸಿ ನೋಡುತ್ತ ಕೂರುತ್ತಿದ್ದೆ. ಪ್ಲಾಸ್ಟರಿನೊಳಗೆ ಏನು ನಡೆದಿದೆಯೋ ಕಾಣದು. ವರ ಹಾಳಾಗಲಿ, ನನಗೆ ಮತ್ತೆ ಓಡಬೇಕಿತ್ತು. ಬಹಳ ಹೆದರಿದ್ದೆ.

ಅವ್ವನ ಹೊಟ್ಟೆನೋವಿನ ನೆಪದಲ್ಲಿ ಮನೆಗೆ ಬಂದು ಪ್ಲಾಸ್ಟರ್ ಬಿಡಿಸಿದ ಡಾಕ್ಟರು, ಇನ್ನು ದಿನಾ ನಡೆಸಿ, ಇಲ್ಲದಿದ್ದರೆ ಕೀಲು ಬಿಗಿಯುತ್ತದೆ ಎಂದರು. ನಡೆಯಲು ಅಂಗಳ ಬೇಕು. ಅಂಗಳಕ್ಕೆ ಇಳಿಯಲು ಮೊದಲು ಧಾರವಾಡದಿಂದ ಬರಬೇಕು. ಅಪ್ಪ ಒಂದು ದಿನ ಬೆಳಗಾಗುವ ಮುಂಚೆ ನನ್ನನ್ನು ಹೊತ್ತು ಸ್ಟೇಶನ್ನಿಗೆ ಕರೆದೊಯ್ದ. ಧಾರವಾಡದ ಕಡೆಯ ರೈಲು ಬಂದ ಮೇಲೆ ಟಾಂಗಾ ಮಾಡಿ, ಖಾಲಿ ಟ್ರಂಕಿನ ಸಮೇತ ವಾಡೆಯ ಬಾಗಿಲಲ್ಲಿ ಇಳಿಸಿದ.

ಇಡೀ ವಾಡೆ ಅಂಗಳದಲ್ಲಿ ನಿಂತಿತ್ತು. ಒಬ್ಬರೂ ನನ್ನ ಮುಖ ನೋಡಲಿಲ್ಲ, ಎಲ್ಲರ ಕಣ್ಣೂ ಪಾದದ ಮೇಲೆ. ನಡೆದೆ. ಕೀಲು ಚುರುಗುಟ್ಟಿತು. ಎದುರು ಮನೆಯ ಅಜ್ಜಿ ಬಂದು ನನ್ನ ರಟ್ಟೆ ಹಿಡಿದು ಮರಾಠಿಯಲ್ಲಿ, "ಕೂಸು ಒಳಗೆ ಕೂತು ಕೂತು ಬಿಳಿಚಿಕೊಂಡಿದೆ. ನಾಳೆಯಿಂದ ನಾನೇ ನಡೆಸುತ್ತೇನೆ," ಎಂದಳು. ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಕಾಲು ಅರ್ಧ ಬೆರಳಗಲದಷ್ಟು ಗಿಡ್ಡ ಉಳಿಯಿತು. ಓಡುವುದಕ್ಕೆ ಅಡ್ಡ ಬರಲಿಲ್ಲ. ಮುಂದೆ ನನ್ನನ್ನು ನೋಡಲು ಬಂದವರು, ಹುಡುಗಿ ತುಸು ವಾಲುತ್ತಾಳಲ್ಲ ಎಂದು ವಾಡೆಯಲ್ಲಿ ವಿಚಾರಿಸಿದರು. ಧಾರವಾಡ ಏರಿಳಿತದ ಊರು, ಅಲ್ಲಿ ನಡೆದು ನಡೆದು ರೂಢಿಯಾಗಿದೆ ಎಂದು ಅಜ್ಜಿ ದೇವರ ಮುಂದೆ ನಿಂತವಳಂತೆ ಹೇಳಿದಳು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.