ಬೆಳ್ಳಗೆ ನಿಂತ ಪುಟ

ಅಕ್ಕೋರ ಬಲಗಾಲಿನ ಕಾಲುಂಗುರ ಒಂದು ಬದಿ ಸವೆದು ಚಪ್ಪಟೆಯಾಗಿತ್ತು. ಕಂಪ್ಯೂಟರಿನಲ್ಲಿ ಪುಟ ತೆರೆಯುವುದು ತಡವಾದರೆ ಸಾಕು, ಆ ಬೆರಳನ್ನು ಕಡಪಾ ಕಲ್ಲಿನ ನೆಲಕ್ಕೆ ಟಕಟಕ ಬಡಿಯುತ್ತಿದ್ದರು. ಸದ್ದು ಕೇಳಿದ ಕೂಡಲೇ ನಾನು ಚಹಾ ಕೆಳಗಿಟ್ಟು ತಲೆ ತಗ್ಗಿಸುತ್ತಿದ್ದೆ.

ಡಿಪ್ಲೊಮಾದಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು ಅವರು. ಆಮೇಲೆ ಕೊಪ್ಪಳದಲ್ಲಿ ಸಣ್ಣದೊಂದು ಆಫೀಸು ತೆರೆದು ನನ್ನನ್ನೂ ಕರೆದುಕೊಂಡರು. ಮಾತು ಖಾರ, ಕೈ ಧಾರಾಳ. ಬೆಳಿಗ್ಗೆ ಬೈದರೆ ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿ ನನ್ನ ಮುಂದೆ ತಳ್ಳಿ, "ತಿನ್ನು ತಮ್ಮಾ, ಬೈಸ್ಕೊಂಡು ಹಸಿವಾಗಿರತೈತಿ" ಎನ್ನುವರು.

ಗಂಗಾವತಿ ಕಡೆ ಭತ್ತ ಎಲ್ಲರದೂ ಒಟ್ಟಿಗೇ ಬಲಿಯುತ್ತದೆ, ಕೊಯ್ಯುವ ಯಂತ್ರಗಳು ಮಾತ್ರ ಕೆಲವೇ. ರೈತರು ಫೋನಿನಲ್ಲೇ ಪಾಳಿ ಹಿಡಿಯಲಿಕ್ಕೆಂದು ಯಂತ್ರದ ಮಾಲೀಕರಿಗೆ ಅಕ್ಕೋರು ಒಂದು ವೆಬ್ ಆ್ಯಪ್ ಮಾಡಿಕೊಟ್ಟರು. ಹೊಸ ರೀತಿಯದು. ಇಡೀ ಆ್ಯಪ್ ಮೊದಲು ಫೋನಿಗೆ ಇಳಿಯಬೇಕು, ಆಮೇಲೆ ಯಾವ ಪುಟ ತೋರಿಸಬೇಕೆಂದು ಫೋನೇ ತೀರ್ಮಾನಿಸಬೇಕು. ಆಫೀಸಿನ ವೈಫೈನಲ್ಲಿ ಅದು ಓಡಿದ್ದೇ ಓಡಿದ್ದು, ನಾನಂತೂ ಕುಣಿದಾಡಿದ್ದೆ. ಸಿಗ್ನಲ್ ಒಂದೇ ಕಡ್ಡಿ ಇರುವ ಹೊಲದ ಬದುವಿನಲ್ಲಿ ಮಾತ್ರ ಪುಟ ಬೆಳ್ಳಗೆ ನಿಂತುಬಿಟ್ಟಿತು. ಮೋಡ ಕವಿದ ದಿನ ಎಷ್ಟೋ ಮಂದಿಗೆ ಪಾಳಿ ಸಿಗಲಿಲ್ಲ.

"ನಿಮ್ಮ ಪುಟ ತೆರ್ಯೂದ್ರಾಗ ಮಳಿ ಬಂದು ಹೋತ್ರಿ" ಎಂದು ಮಾಲೀಕರೊಬ್ಬರು ಫೋನಿನಲ್ಲಿ ಹೇಳಿದರು. ಒಬ್ಬ ಹೆಣ್ಣುಮಗಳ ಭತ್ತ ಪೂರಾ ನೆಂದುಹೋಗಿದೆ ಎಂದು ಊರಿನ ಹೆಸರನ್ನೂ ಹೇಳಿದರು.

ಅಕ್ಕೋರು ವಾದ ಮಾಡಲಿಲ್ಲ. "ಒಂದ್ ಪ್ಲೇಟ್ ವಗ್ಗರಣಿ ಕೇಳಿದವರ ತಲಿ ಮ್ಯಾಲೆ ಒಲಿ, ಬುಟ್ಟಿ, ಮಂಡಕ್ಕಿ ಚೀಲ ಎಲ್ಲಾ ಹೊರಿಸಿ ಕಳಿಸೀವಿ ನೋಡು" ಎಂದು ಕೂತು ತಿರುಗಿ ಬರೆದರು. ಯಾವ ವಿಳಾಸಕ್ಕೆ ಯಾವ ಪುಟ ಎಂಬುದನ್ನು ಇನ್ನು ನಮ್ಮ ಸರ್ವರ್ ಕಂಪ್ಯೂಟರೇ ನೋಡಿಕೊಳ್ಳುವುದು, ಕೇಳಿದ ಪುಟವೊಂದನ್ನೇ ಸಿದ್ಧಮಾಡಿ ಕಳಿಸುವುದು. ಸಿಗ್ನಲ್ ಒಂದೇ ಕಡ್ಡಿಯಿದ್ದ ಹಿಟ್ನಾಳದ ಬಸ್ ಸ್ಟಾಪಿನಲ್ಲಿ ನಿಂತು ಹಳೆಯ ಫೋನಿನಲ್ಲಿ ಒತ್ತಿ ನೋಡಿದೆವು. ಥಟ್ಟನೆ ಬಂತು.

ಎಲ್ಲರಿಗೂ ಕ್ಷಮಿಸಿ ಎಂದೊಂದು ಮೆಸೇಜ್ ಹಾಕಿಬಿಡೋಣ ಎಂದೆ. "ತಪ್ಪು ಮಾಡಿದವರು ಮನಿ ಬಾಗಲಕ್ಕ ಹೋಗಬೇಕು, ನಡಿ" ಎಂದು ಗಂಗಾವತಿ ಬಸ್ ಹತ್ತಿಸಿದರು.

ಭತ್ತ ನೆಂದಿದ್ದ ಆ ಹೆಣ್ಣುಮಗಳ ಮನೆಯ ಮುಂದೆ ರಸ್ತೆಯ ಮೇಲೆ ಒದ್ದೆ ಕಾಳು ಹರವಿದ್ದರು. ಕೆಲವು ಕಾಳು ಮೊಳಕೆಯೊಡೆದಿದ್ದವು. ನನಗೆ ಒಳಗೆ ಹೋಗಲು ಮುಖವಿರಲಿಲ್ಲ, ಬಾಗಿಲಾಚೆಯೇ ನಿಂತೆ. ಬೈಗುಳಕ್ಕೆ ತಯಾರಾಗಿದ್ದೆ. ಆದರೆ ಆ ಹೆಣ್ಣುಮಗಳು, "ನನಗ ಒತ್ತಾಕ ಬರ್ಲಿಲ್ರಿ. ಮನ್ಯಾಗ ಎಲ್ಲಾರೂ ನನಗ ಅನ್ನಾಕಹತ್ಯಾರ" ಎಂದು ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಒಳಗಿನಿಂದ ಅವಳ ಅತ್ತೆ, "ತಾಸುಗಟ್ಲೆ ಫೋನಿನ್ಯಾಗ ಮಾತಾಡಾಕ ಬರತೈತಿ, ಪಾಳಿ ಹಚ್ಚಾಕ ಬರಂಗಿಲ್ಲ ಈಕಿಗೆ" ಎಂದು ಕೂಗಿದರು.

ಅಕ್ಕೋರು ಒಳಗೆ ಹೋಗಿ ಅತ್ತೆಗೆ ಕೈಮುಗಿದರು. "ಈಕಿ ಒತ್ತಿದ್ದು ಬರೋಬ್ಬರಿ ಐತ್ರಿ ಯವ್ವಾ. ಮಾಡಿದಾಕಿ ನಾನು, ತಪ್ಪಿದಾಕಿ ನಾನು. ಬೈಯೂದಿದ್ರ ನನಗ ಬೈರಿ."

ಅತ್ತೆ ಬೈದರು, ಮನಸಾರೆ. ಅಕ್ಕೋರು ನಿಂತು ಕೇಳಿಸಿಕೊಂಡರು. ಸೊಸೆ ಮೆಲ್ಲಗೆ ತಲೆಯೆತ್ತಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕೋರ ಕಣ್ಣುಗಳು ಕೆಂಪಗಿದ್ದವು. "ಮಂದಿ ನಮಗ ಬೈದ್ರ ಛಲೋ ತಮ್ಮಾ. ನಮ್ಮ ಪುಟ ನಿಂತ್ರ ತಾವ ದಡ್ಡರು ಅನ್ಕೊಂತಾರ ನೋಡು, ಅದಕ್ಕ ಭಾಳ ನಾಚಿಕಿ ಬರತೈತಿ ನನಗ."

ಹೋದ ವರ್ಷ ಅಕ್ಕೋರು ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ. ಆ್ಯಪನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. ಯಲಬುರ್ಗಾ ಕಡೆ ಕಡಲೆ ಒಕ್ಕಿ ರಾಶಿ ಮಾಡುವ ಯಂತ್ರಕ್ಕೂ ಜನ ಅದರಲ್ಲೇ ಪಾಳಿ ಹಿಡಿಯುತ್ತಾರೆ. ಈ ಸುಗ್ಗಿಯಲ್ಲಿ ನನ್ನ ಕೈತಪ್ಪಿನಿಂದ ಸರ್ವರ್ ಒಂದು ಊರಿನವರಿಗೆ ಇನ್ನೊಂದು ಊರಿನ ಪಾಳಿಯ ಪುಟ ಕೊಟ್ಟಿತು. ಅದನ್ನು ನಂಬಿ ಹಿರಿಯರೊಬ್ಬರು ಆಳುಗಳನ್ನು ಕರೆಸಿ ಕಣದಲ್ಲಿ ಸಂಜೆಯವರೆಗೆ ಕೂತರು, ಯಂತ್ರ ಬರಲಿಲ್ಲ. ಮರುದಿನ ಅವರೇ ಫೋನ್ ಮಾಡಿದರು.

"ನನ್ನ ಕಣ್ಣು ಸರಿಗಿಲ್ರಿ, ನಾನ ತಪ್ಪು ಓದೀನಿ ಕಾಣತೈತಿ. ಮಷಿನ್‌ದವರಿಗೆ ಸುಮ್ನ ಬೈದೆ. ತಪ್ಪ ತಿಳ್ಕೋಬ್ಯಾಡ್ರಿ."

ಅವರು ಸರಿಯಾಗಿಯೇ ಓದಿದ್ದರು. ಅಷ್ಟೊತ್ತಿಗೆ ನಾನು ಪುಟವನ್ನು ಸರಿಪಡಿಸಿಯೂ ಆಗಿತ್ತು. "ಇರ್ಲಿ ಬಿಡ್ರಿ ಅಜ್ಜಾರ, ಆಗತೈತಿ" ಎಂದೆ. ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿ, ಫೋನಿಟ್ಟೆ.