ಕುರ್ಚಿಯಿಲ್ಲದ ಹದಿಮೂರನೆಯವರು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ. ದೊಡ್ಡಬಳ್ಳಾಪುರದಲ್ಲಿ ಈ ಗಾದೆಗೆ ತಿದ್ದುಪಡಿಯಾಗಿದೆ: ಮಗ್ಗ ಇದ್ದಷ್ಟು ಮೈ ಚಾಚು, ಕಾಲು ಹೊರಗಿದ್ದರೆ ಇರಲಿ. ಮುಂದಿನದೆಲ್ಲ ನಡೆದದ್ದೇ. ಉಪ್ಪುಖಾರ ಸೇರಿಸೋಣವೆಂದರೆ, ಕಂಡವರು ಒಂದು ಬೀದಿ ತುಂಬ ಇದ್ದಾರೆ.

ಶನಿವಾರ, ಇನ್ನೂ ಪೂರ್ತಿ ಬೆಳಕಾಗಿಲ್ಲ. ಲಕ್ಷ್ಮಣಪ್ಪನವರ ಶೆಡ್ಡಿನ ನಾಲ್ಕು ಮಗ್ಗಗಳಲ್ಲಿ ಮೂರು ಕುಣಿಯುತ್ತಿವೆ, ಒಂದು ಮುನಿಸಿಕೊಂಡಿದೆ. ಮುನಿದ ಮಗ್ಗದ ಕೆಳಗಿನಿಂದ ಎರಡು ಕಾಲು ಹೊರಬಂದಿವೆ. ಆಮೇಲೆ ಒಂದು ಕೈ ಬಂದು ಸ್ಪ್ಯಾನರ್ ಹುಡುಕುತ್ತದೆ. ಪಕ್ಕದ ಮಗ್ಗದಲ್ಲಿ ನೇಯುತ್ತಿರುವ ನಂದಕುಮಾರ್, ಲಕ್ಷ್ಮಣಪ್ಪನವರ ತಮ್ಮನ ಮಗ, ಸ್ಪ್ಯಾನರನ್ನು ಕಾಲಿನಿಂದ ಮೆಲ್ಲಗೆ ಆ ಕೈಯತ್ತ ತಳ್ಳಿ ಮುಖ ತಿರುಗಿಸುತ್ತಾನೆ. ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಅವನು ನಾಲ್ಕು ಜನರ ಧ್ವನಿಯಲ್ಲಿ ಮಾತಾಡಿರುತ್ತಿದ್ದ.

ಮಗ್ಗದಡಿ ಇರುವವರು ಇನ್ನಾಸಪ್ಪ. ವಯಸ್ಸು ಅರವತ್ತರ ಆಸುಪಾಸು, ಕೆಲಸ ಪವರ್‌ಲೂಮ್ ರಿಪೇರಿ. ಲಾಳಿ ದಾರಿ ತಪ್ಪಿದರೆ, ಬೆಲ್ಟು ಜಾರಿದರೆ, ಸೆರಗಿನ ಮೇಲೆ ನವಿಲು ಬರಬೇಕಾದಲ್ಲಿ ಕೋಳಿ ಬಂದರೆ ಅವರಿಗೆ ಫೋನು ಹೋಗುತ್ತದೆ. ದಿನಕ್ಕೆ ಏಳೆಂಟು ಕಡೆ, ಎಲ್ಲವೂ ಸೈಕಲ್ಲಿನಲ್ಲೇ. ಮಗ್ಗಗಳ ಸದ್ದು ಅರ್ಧ ಕಿವಿ ತಿಂದಿದೆ, ಬೆಲ್ಟು ಎಡಗೈ ಕಿರುಬೆರಳಿನ ತುದಿ ತಿಂದಿದೆ. ಮಂಡಿ ಇನ್ನೂ ಮಾತುಕತೆಯ ಹಂತದಲ್ಲಿದೆ.

ಅವರದೊಂದು ನಿಯಮವಿದೆ: ಮೊದಲು ಕರೆದವರಲ್ಲಿಗೆ ಮೊದಲು. ಇಪ್ಪತ್ತು ಮಗ್ಗದ ಧಣಿ ಕರೆದರೂ, ಅಡುಗೆಮನೆಯ ಪಕ್ಕ ಒಂದೇ ಮಗ್ಗ ಹಾಕಿಕೊಂಡವಳು ಕರೆದರೂ ಸರದಿ ಸರದಿಯೇ. ಇದರಿಂದ ದೊಡ್ಡ ಶೆಡ್ಡುಗಳ ಕೆಲಸ ಕೈತಪ್ಪಿದ್ದೂ ಇದೆ. ಯೌವನದಲ್ಲಿ ಚರ್ಚಿನ ಧ್ಯಾನಕೂಟವೊಂದರಲ್ಲಿ ಗುರುಗಳು, ಪ್ರಭುವಿನ ಹಿಂದೆ ಯಾರು ಯಾರು ಹೊರಡುತ್ತೀರಿ ಎಂದು ಕೇಳಿದ್ದರಂತೆ. ಉಪದೇಶ ಮಾಡುತ್ತೇನೆ ಎಂದು ಒಬ್ಬ ಎದ್ದ, ಪಾದ್ರಿಯಾಗಲು ಸೆಮಿನರಿ ಸೇರುತ್ತೇನೆ ಎಂದು ಇನ್ನೊಬ್ಬ ಎದ್ದ.

“ನನ್ಗೆ ನಾಕ್ ಜನದ ಮುಂದೆ ಮಾತಾಡಕ್ಕೆ ಬರಲ್ಲ, ಮಗ್ಗ ಬಿಟ್ರೆ ಏನೂ ಗೊತ್ತಿಲ್ಲ ಅಂದೆ. ಹಂಗಾದ್ರೆ ಕರೆದೋರ ಮನೆಗೆ ಹೋಗು, ಅಷ್ಟು ಸಾಕು ಅಂದ್ರು. ಸಾಕು ಅಂದ್ರೆ ಸುಲಭ ಅಂದ್ಕೊಂಡ್ಬಿಟ್ಟೆ,” ಎನ್ನುತ್ತಾರೆ ಇನ್ನಾಸಪ್ಪ.

ಮಗ್ಗದಲ್ಲಿ ಮುಗಿದ ಹಾಸಿನ ಉದ್ದದ ಎಳೆಗಳಿಗೆ ಹೊಸ ಹಾಸಿನ ಎಳೆ ಸೇರಿಸುವ, ಅಂದರೆ ಅಚ್ಚು ಕೆಚ್ಚುವ ಕೆಲಸ ಹೆಂಡತಿ ಲೂರ್ದಮ್ಮನದು. ಅವರ ದೂರು ಬೇರೆಯೇ. “ಊರು ಕರೆದ್ರೆ ಓಡ್ತಾರೆ. ಉಣ್ಣಕ್ಕೆ ನಾನು ಕರೆದ್ರೆ ಮಾತ್ರ ಕಿವಿ ಕೇಳಲ್ಲ.”

ಈಸ್ಟರಿಗೆ ಮುಂಚಿನ ಗುರುವಾರ, ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಚರ್ಚಿನಲ್ಲಿ ಫಾದರು ಹನ್ನೆರಡು ಮಂದಿಯನ್ನು ಕೂರಿಸಿ ಕಾಲು ತೊಳೆಯುತ್ತಾರೆ. ಆ ಹನ್ನೆರಡರಲ್ಲಿ ಒಮ್ಮೆ ಕೂರಬೇಕೆಂಬುದು ಇನ್ನಾಸಪ್ಪನವರ ಆಸೆ. ಆದರೆ ಹೆಸರು ಕೇಳುವ ಭಾನುವಾರ ಎಲ್ಲೋ ಒಂದು ಮಗ್ಗ ಕೆಟ್ಟಿರುತ್ತದೆ. ಹೀಗೆಂದು ಒಮ್ಮೆ ಟೀ ಕುಡಿಯುವಾಗ ನಂದಕುಮಾರನ ಹತ್ತಿರ ಬಾಯಿಬಿಟ್ಟಿದ್ದರು.

ನಂದಕುಮಾರನ ಗಂಟಲೊಂದು ಛತ್ರ. ಯಾರು ಬೇಕಾದರೂ ಇಳಿದುಕೊಳ್ಳಬಹುದು. ಬಸ್ ಕಂಡಕ್ಟರ್, ಸೀರೆ ವ್ಯಾಪಾರಿ, ಸ್ವತಃ ದೊಡ್ಡಪ್ಪ, ಎಲ್ಲರೂ ಅಲ್ಲಿದ್ದಾರೆ. ಚರ್ಚಿನ ಮೈಕಿನಲ್ಲಿ ಕೇಳಿಸಿಕೊಂಡ ಫಾದರೂ ಅಲ್ಲಿ ತಂಗಿದ್ದರು. ಈ ಬುಧವಾರ ಅವನು ಫಾದರ್ ಧ್ವನಿಯಲ್ಲಿ ಇನ್ನಾಸಪ್ಪನವರಿಗೆ ಫೋನು ಮಾಡಿ, ನಾಳೆ ಹನ್ನೆರಡನೆಯ ಕುರ್ಚಿ ನಿಮ್ಮದು ಎಂದುಬಿಟ್ಟ.

ಲೂರ್ದಮ್ಮ ನೀರು ಕಾಯಿಸಿ, ಗಂಡನ ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿದರು. ಬಿರುಕುಗಳಲ್ಲಿ ಇಳಿದಿದ್ದ ಗ್ರೀಸು ಅಲ್ಲಾಡಲಿಲ್ಲ. ಗುರುವಾರ ಇನ್ನಾಸಪ್ಪ ಬಿಳಿ ಪಂಚೆ ಉಟ್ಟು ಚರ್ಚಿಗೆ ಹೋದರೆ, ಪೀಠದ ಮುಂದೆ ಹನ್ನೆರಡು ಕುರ್ಚಿ, ಹನ್ನೆರಡು ಜನ. ಫಾದರ್ ಕಣ್ಣಲ್ಲೇ ಏನೆಂದು ಕೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೊನೆಯ ಕುರ್ಚಿಯವರು ಜಾಗ ಬಿಡಲು ಎದ್ದಾಗ ಇನ್ನಾಸಪ್ಪ ಅವರ ಭುಜ ಒತ್ತಿ ಕೂರಿಸಿದರು. ನೀರು ಹುಯ್ಯಬೇಕಿದ್ದವನು ಇನ್ನೂ ಬಂದಿರಲಿಲ್ಲ. ಇವರು ಪಂಚೆ ಎತ್ತಿ ಕಟ್ಟಿ, ಬಿಂದಿಗೆ ಹಿಡಿದು ಅಷ್ಟೂ ಕಾಲುಗಳಿಗೆ ನೀರು ಹುಯ್ದರು, ನೆಲ ಒರೆಸಿದರು. ತಮಾಷೆಯ ವಿಡಿಯೋ ಮಾಡಲು ಚರ್ಚಿನ ಬಾಗಿಲಿಗೆ ಬಂದಿದ್ದ ನಂದಕುಮಾರ್ ಫೋನನ್ನು ಜೇಬಿಗಿಟ್ಟುಕೊಂಡು ಮನೆಗೆ ಹೋದ.

ಮಾರನೆಯ ದಿನ ಶುಭ ಶುಕ್ರವಾರ, ಇನ್ನಾಸಪ್ಪ ಕೆಲಸ ಮುಟ್ಟುವುದಿಲ್ಲ. ಇದಾವುದೂ ಗೊತ್ತಿಲ್ಲದ ಲಕ್ಷ್ಮಣಪ್ಪ ಇವತ್ತು ನಸುಕಿನಲ್ಲೇ ಫೋನು ಮಾಡಿದ್ದಾರೆ. ಇವರು ಬಂದಿದ್ದಾರೆ. ಬಂದವರು ಬೈದಿಲ್ಲ, ಹುಡುಗನ ಕಡೆ ನೋಡಿಯೂ ಇಲ್ಲ.

ಮಗ್ಗ ರಿಪೇರಿಯಾಗಿ ಇನ್ನಾಸಪ್ಪ ಹೊರಬಂದು ಕೈ ಒರೆಸಿಕೊಳ್ಳುತ್ತಿದ್ದಾರೆ. ನಂದಕುಮಾರ್ ತನ್ನ ಮಗ್ಗ ನಿಲ್ಲಿಸುತ್ತಾನೆ.

“ಇನ್ನಾಸಣ್ಣ, ಬುಧವಾರ ಫೋನ್ ಮಾಡಿದ್ದು ನಾನು.”

“ಕುರ್ಚಿ ನೋಡಿದ್ ತಕ್ಷಣ ಗೊತ್ತಾಯ್ತು ಕಣೋ. ಊರಲ್ಲಿ ಅಷ್ಟೊಂದ್ ಗಂಟ್ಲು ಇರೋನು ಇನ್ಯಾರಿದಾನೆ?”

ವಿಷಯ ತಿಳಿದ ಲಕ್ಷ್ಮಣಪ್ಪ ಕೈ ಎತ್ತಿಕೊಂಡು ಬರುತ್ತಾರೆ. ನಾಳೆಯಿಂದ ಈ ಶೆಡ್ಡಿಗೆ ಕಾಲಿಡಬೇಡ ಎನ್ನುತ್ತಾರೆ. ಇನ್ನಾಸಪ್ಪ ನಡುವೆ ನಿಲ್ಲುತ್ತಾರೆ.

“ಬಿಡಿ ಲಕ್ಷ್ಮಣಪ್ಪಾರೆ. ಹುಡ್ಗ ಕರೆದಿದ್ದು ಸುಳ್ಳೇ. ಆದ್ರೆ ಹೋದ್ಮೇಲೆ ಕುರ್ಚಿ ಇರ್ಲಿಲ್ಲ, ಕೆಲ್ಸ ಇತ್ತು.”

“ಬೇಜಾರಾಗ್ಲಿಲ್ವಾ?” ನಂದಕುಮಾರ್ ಕೇಳುತ್ತಾನೆ.

“ಆಗ್ದೆ ಏನು? ನಿನ್ನೆ ಪೂರ್ತಿ ಆಯ್ತು. ಇನ್ ನಿಮ್ ಬೀದಿಗೆ ಕಾಲಿಡಬಾರ್ದು ಅಂತಾನೂ ಅಂದ್ಕೊಂಡೆ. ಬೆಳಿಗ್ಗೆ ನಿಮ್ ದೊಡ್ಡಪ್ಪ ಕರೆದ್ರು. ಹೋಗೋದಾ ಬೇಡ್ವಾ ಅಂತ ಸೈಕಲ್ ಹಿಡ್ಕೊಂಡು ಶಾನೆ ಹೊತ್ತು ನಿಂತಿದ್ದೆ.”

ನಂದಕುಮಾರ್ ಒಳಗೆ ಹೋಗಿ ಬಚ್ಚಲ ಹಂಡೆಯಿಂದ ಒಂದು ಬಕೆಟ್ ಬಿಸಿನೀರು ತರುತ್ತಾನೆ. ಇನ್ನಾಸಪ್ಪನವರನ್ನು ಸ್ಟೂಲಿನ ಮೇಲೆ ಕೂರಿಸುತ್ತಾನೆ. ಲಕ್ಷ್ಮಣಪ್ಪನವರ ಹೆಂಡತಿ ನಾರಾಯಣಮ್ಮ ಬಾಗಿಲಲ್ಲೇ ನಿಂತು ತಡೆಯುತ್ತಾರೆ: “ಏ, ಈ ಮನೇಲಿ ಮದ್ವೇಲಿ ಅಳಿಯನ್ ಕಾಲು ತೊಳ್ದಿದ್ ಬಿಟ್ರೆ ಯಾರ್ ಕಾಲೂ ತೊಳ್ದಿಲ್ಲ ಕಣೋ. ಇವ್ರಿಗ್ಯಾರನ್ನ ಧಾರೆ ಎರೀತೀಯಾ?” ಇಷ್ಟು ಹೇಳಿ, ಮಡಿಕೆ ಬಿಚ್ಚದ ಟವೆಲೊಂದನ್ನು ಅವರೇ ಎಸೆಯುತ್ತಾರೆ.

ನಂದಕುಮಾರ್ ಅಭ್ಯಾಸಬಲದಿಂದ ಫಾದರ್ ಧ್ವನಿಯಲ್ಲೇ ಶುರುಮಾಡುತ್ತಾನೆ. ಇನ್ನಾಸಪ್ಪ ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ.

“ಅವ್ರ್ ಗಂಟ್ಲು ಬೇಡ. ತೊಳೆಯೋದಾದ್ರೆ ನೀನಾಗ್ ತೊಳಿ.”

ಅವನು ಮಂಡಿಯೂರಿ ಕೂರುತ್ತಾನೆ. ನೂಲಿನ ವೇಸ್ಟಿಗೆ ಸೀಮೆಎಣ್ಣೆ ಹಾಕಿ ಹಿಮ್ಮಡಿ ಉಜ್ಜುತ್ತಾನೆ. ಮಗ್ಗಗಳೆಲ್ಲ ನಿಂತಿವೆ, ಬಾಗಿಲಲ್ಲಿ ಬೀದಿಯ ಜನ ಸೇರಿದ್ದಾರೆ. ಬಕೆಟ್ಟಿನ ನೀರು ಕಪ್ಪಾಗುತ್ತದೆ. ನಂದಕುಮಾರನ ಬೆರಳು ಹಿಮ್ಮಡಿ ದಾಟಿ ಅಂಗಾಲಿಗೆ ಬರುತ್ತದೆ. ಇನ್ನಾಸಪ್ಪ ತುಟಿ ಕಚ್ಚಿ ಸೂರು ನೋಡುತ್ತಾರೆ, ಸ್ಟೂಲು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

“ಲೇ, ಅಲ್ಲಿ ಮಾತ್ರ ಬ್ಯಾಡ ಕಣೋ, ಕಚಗುಳಿ...”

ಕಾಲು ಜಾಡಿಸಿದ ರಭಸಕ್ಕೆ ಬಕೆಟ್ ಉರುಳಿ, ಕಪ್ಪು ನೀರು ಲಕ್ಷ್ಮಣಪ್ಪನವರ ಪಂಚೆಗೆ ಸಿಡಿಯುತ್ತದೆ. ನಾರಾಯಣಮ್ಮ ಸೆರಗು ಬಾಯಿಗೊತ್ತಿಕೊಳ್ಳುತ್ತಾರೆ. ಲಕ್ಷ್ಮಣಪ್ಪ ಸಿಟ್ಟು ಉಳಿಸಿಕೊಳ್ಳಲಾರದೆ ನಗುತ್ತಾರೆ. ಒದ್ದೆಯಾಗಿ ಕೂತ ನಂದಕುಮಾರನೂ ನಗುತ್ತಾನೆ. ಆದರೆ ಅರ್ಧ ಕಿವಿ ಹೋದವರಿಗೆ ತಮ್ಮ ಸದ್ದಿನ ಅಳತೆ ಎಲ್ಲಿ ಸಿಗಬೇಕು? ಎಲ್ಲರ ನಗುವನ್ನೂ ಮುಳುಗಿಸಿ, ಮೂರನೆಯ ಬೀದಿಗೂ ಕೇಳುವಂತೆ ನಗುತ್ತಿರುವವರು ಇನ್ನಾಸಪ್ಪ.